ಅವಿರೋಧ ಆಯ್ಕೆ

ಅವರು ಚಿಕ್ಕೋಡಿ ಕಡೆಯ ಹಾಲಿನ ಸಂಘವೊಂದರ ಕಾರ್ಯದರ್ಶಿ. ಏನೇ ಕೇಳಿದರೂ ಮೊದಲು ಟೋಪಿ ತೆಗೆದು ತಲೆ ಸವರಿಕೊಂಡು, "ಜಗಳ ಯಾಕ್ರಿ, ಅವಿರೋಧ ಮಾಡೂಣ್ರಿ" ಎನ್ನುತ್ತಿದ್ದರು.

ದಿನದ ಹಾಲು ಎಷ್ಟು, ಹೇಗಿದೆ ಎಂದು ಒಂದೇ ನೋಟಕ್ಕೆ ತೋರಿಸುವ ಕಂಪ್ಯೂಟರ್ ಪರದೆಯನ್ನು ಸಂಘದವರ ಜೊತೆ ಕೂತು ರೂಪಿಸಲು ನಾನು ಹೋಗಿದ್ದೆ. ಪರದೆ ಹೇಗಿರಬೇಕೆಂದು ಅಧ್ಯಕ್ಷರು, ಇಬ್ಬರು ಸದಸ್ಯರು ಮತ್ತು ನಾನು ಬರೆದ ನಾಲ್ಕು ನಕ್ಷೆಗಳನ್ನು ಗೋಡೆಗೆ ಅಂಟಿಸಿ, ಎಲ್ಲರ ಕೈಗೂ ಕೆಂಪು ಚುಕ್ಕೆಯ ಸ್ಟಿಕರ್ ಕೊಟ್ಟೆ. ಯಾರೊಂದಿಗೂ ಮಾತಾಡದೆ, ಹಿಡಿಸಿದ ನಕ್ಷೆಗೆ ಹಚ್ಚಬೇಕು ಎಂದೆ.

ಕಾರ್ಯದರ್ಶಿ ಎಲ್ಲರನ್ನೂ ಚಹಾಕ್ಕೆ ಕರೆದೊಯ್ದರು. ತಿರುಗಿ ಬಂದ ಆ ಇಬ್ಬರು ಸದಸ್ಯರು ತಮ್ಮ ನಕ್ಷೆಗಳನ್ನು ಕಿತ್ತು, ಮಡಚಿ ಕಿಸೆಗಿಟ್ಟುಕೊಂಡರು. ಗೋಡೆಯ ಮೇಲೆ ಉಳಿದದ್ದು ಅಧ್ಯಕ್ಷರದು ಮತ್ತು ನನ್ನದು.

ಕಾರ್ಯದರ್ಶಿ ನನ್ನ ಹೆಗಲ ಮೇಲೆ ಕೈಯಿಟ್ಟರು. "ಸಾಹೇಬ್ರ, ನೀವೂ ವಾಪಸ್ ತಗೊಂಡಬಿಡ್ರಿ. ನಿಮ್ಮ ಆ ದುಂಡನ ಚಿತ್ರಾ ಅಧ್ಯಕ್ಷರ ನಕ್ಷೆದಾಗ ಒಂದ ಮೂಲ್ಯಾಗ ಕುಂದ್ರಸ್ತೀವಿ."

ತೆಗೆದುಕೊಂಡೆ.

ಮರುದಿನ ಹಾಲು ಹಾಕುವ ಐವರನ್ನು ಒಬ್ಬೊಬ್ಬರಾಗಿ ಕರೆದು, ಪರದೆ ಅರ್ಥವಾಗುತ್ತದೆಯೇ ಎಂದು ಕೇಳುವುದಿತ್ತು. ಮೊದಲಿಗೆ ಒಬ್ಬ ಅಜ್ಜಿ ಬಂದು ಕೂತಳು. ನಾನಿನ್ನೂ ಕಂಪ್ಯೂಟರ್ ಚಾಲೂ ಮಾಡಿರಲಿಲ್ಲ. ಬಾಗಿಲ ಹೊರಗೆ ಕಾರ್ಯದರ್ಶಿಯ ಟೋಪಿ ಕಾಣುತ್ತಿತ್ತು.

"ಭಾಳ ಚೊಲೋ ಐತ್ರಿ," ಎಂದಳು ಅಜ್ಜಿ. "ನಾವು ಐದೂ ಮಂದಿ ಒಪ್ಪೀವ್ರಿ."