ಹಳದಿಯಾಗಿಯೇ ಉಳಿದ ಜೆಲ್

ಅದು 2023ರ ಬೇಸಿಗೆ. ಹಗರಿಬೊಮ್ಮನಹಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಹಿರಿಯ ಲ್ಯಾಬ್ ಟೆಕ್ನಿಷಿಯನ್. ಮನೆ ಕೊಟ್ಟೂರಿನಲ್ಲಿ, ಓಡಾಟ ಬೈಕಿನಲ್ಲಿ. ಇಪ್ಪತ್ತೆಂಟು ವರ್ಷದ ಸರ್ವಿಸ್‌ನಲ್ಲಿ ನನ್ನ ಕೈಯಲ್ಲಿ ಒಂದು ಸ್ಯಾಂಪಲ್ಲೂ ಅದಲುಬದಲಾಗಿರಲಿಲ್ಲ. ಹೊಸಬರು ಯಾರು ಬಂದರೂ ಮೊದಲ ದಿನವೇ ಇದನ್ನು ಹೇಳಿ ಅವರ ತಲೆ ತಿನ್ನುತ್ತಿದ್ದೆ.

ಪ್ರತಿ ಗುರುವಾರ ಹೊಸಪೇಟೆಯಿಂದ ಡಾಕ್ಟರಮ್ಮ ಎಂಡೋಸ್ಕೋಪಿ ಮಾಡಲು ಬರುತ್ತಿದ್ದರು. ಬಾಯಿಯ ಮೂಲಕ ಕ್ಯಾಮೆರಾ ಇರುವ ಪೈಪನ್ನು ಇಳಿಸಿ ಜಠರ ನೋಡುವುದು, ಅನುಮಾನ ಬಂದರೆ ಅಕ್ಕಿನುಚ್ಚಿನಷ್ಟು ಚೂರು ಕಿತ್ತು ನನ್ನ ಕೈಗೆ ಕೊಡುವುದು. ಅದನ್ನು ಹಳದಿ ಜೆಲ್‌ನಲ್ಲಿ ಇಟ್ಟು ಬಣ್ಣ ಕಾಯುವುದು ನನ್ನ ಕೆಲಸ.

ನಾವು ಹುಡುಕುತ್ತಿದ್ದದ್ದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಜಠರದ ಆಮ್ಲದಲ್ಲಿ ಬೇರೆ ಸೂಕ್ಷ್ಮಜೀವಿಗಳು ಬದುಕುವುದು ಕಷ್ಟ. ಇದು ಮಾತ್ರ ಯೂರಿಯೇಸ್ ಎಂಬ ಕಿಣ್ವದ ಬಲದಿಂದ ಬದುಕುತ್ತದೆ. ಜಠರದಲ್ಲಿರುವ ಯೂರಿಯಾವನ್ನು ಆ ಕಿಣ್ವ ಒಡೆದು ಅಮೋನಿಯಾ ಮಾಡುತ್ತದೆ. ಅಮೋನಿಯಾ ಸುತ್ತಲಿನ ಆಮ್ಲದ ತೀಕ್ಷ್ಣತೆಯನ್ನು ತಗ್ಗಿಸುತ್ತದೆ, ಗಟ್ಟಿ ಲೋಳೆಯೂ ಸಡಿಲವಾಗುತ್ತದೆ, ಬ್ಯಾಕ್ಟೀರಿಯಾ ಅದರೊಳಗೆ ಈಜಿ ಜಠರದ ಗೋಡೆಗೆ ಅಂಟಿಕೊಳ್ಳುತ್ತದೆ. ಹುಣ್ಣಿಗೆ ಅಲ್ಲಿಂದ ದಾರಿ. ನಮ್ಮ ಜೆಲ್‌ನಲ್ಲಿಯೂ ಯೂರಿಯಾ ಇರುತ್ತದೆ. ಚೂರಿನಲ್ಲಿ ಆ ಕಿಣ್ವವಿದ್ದರೆ ಅಮೋನಿಯಾ ಹುಟ್ಟಿ ಹಳದಿ ಗುಲಾಬಿಯಾಗುತ್ತದೆ.

ಏಪ್ರಿಲ್‌ನಲ್ಲಿ ದಸ್ತಗೀರ್ ಬಂದ. ಕೊಟ್ಟೂರಿನಲ್ಲಿ ಗ್ಯಾರೇಜು ಇಟ್ಟುಕೊಂಡ ಮೆಕ್ಯಾನಿಕ್, ನನ್ನ ಬೈಕೂ ಅವನ ಕೈಯಲ್ಲೇ ರಿಪೇರಿ. ಆರು ತಿಂಗಳಿಂದ ಹೊಟ್ಟೆನೋವು. ಫಾರಂ ತುಂಬುತ್ತ ಎಲ್ಲರಿಗೂ ಕೇಳುವುದನ್ನೇ ಕೇಳಿದೆ: "ಏನರ ಔಷಧಿ ತಗೊಂತಿಯೇನು?"

"ಇಲ್ಲ ಕೊಟ್ರೇಶಣ್ಣ. ನಡ ಹಿಡಿದಾಗ ಒಂದು ನೋವಿನ ಗುಳಿಗಿ, ಅಷ್ಟ."

ಅರ್ಧ ಮಾಗಿದ ಸಣ್ಣ ಹುಣ್ಣು ಕಾಣಿಸಿತು. ಜೆಲ್ ಸಂಜೆಯವರೆಗೂ ಹಳದಿಯಾಗಿಯೇ ಇತ್ತು. ನಾನು ನೆಗೆಟಿವ್ ಎಂದು ಬರೆದೆ. ಡಾಕ್ಟರಮ್ಮ ನೋವಿನ ಗುಳಿಗೆಯದೇ ಕೆಲಸ ಎಂದು ಅದನ್ನು ಬಿಡಿಸಿ, ಹುಣ್ಣು ಮಾಗಲು ಎರಡು ವಾರದ ಮಾತ್ರೆ ಕೊಟ್ಟು ಕಳಿಸಿದರು. ಹೊಟ್ಟೆಯಲ್ಲಿ ಹುಳ ಇಲ್ಲವಂತೆ ಎಂದು ದಸ್ತಗೀರ್ ಗ್ಯಾರೇಜಿನಲ್ಲಿ ಎಲ್ಲರಿಗೂ ಚಹಾ ಕುಡಿಸಿದನಂತೆ.

ಜೂನ್ ಮೊದಲ ಗುರುವಾರ ಅವನ ಹೆಂಡತಿ ಮುಮ್ತಾಜ್ ಆಟೋದಲ್ಲಿ ಅವನನ್ನು ಕರೆತಂದಳು. ಅಂಗಿ ತುಂಬ ರಕ್ತ. ಮೈ ಐಸಿನ ಹಾಗೆ ತಣ್ಣಗಿತ್ತು. "ಮೂರು ಸಲ ರಕ್ತ ಕಾರ್‍ಯಾನ್ರಿ, ನೀವು ಏನೂ ಇಲ್ಲ ಅಂದಿದ್ರಲ್ರಿ!" ಎಂದು ಅವಳು ನನ್ನ ಕೈ ಹಿಡಿದುಕೊಂಡು ಚೀರಿದಳು. ಹಿಮೋಗ್ಲೋಬಿನ್ ಐದೂವರೆಗೆ ಇಳಿದಿತ್ತು. ನಾಲ್ಕು ಬಾಟಲಿ ರಕ್ತ ಕೊಡಬೇಕಾಯಿತು. ಪುಣ್ಯಕ್ಕೆ ಅಂದು ಡಾಕ್ಟರಮ್ಮ ಇದ್ದರು, ಪೈಪಿನ ಮೂಲಕವೇ ಹುಣ್ಣಿಗೆ ಕ್ಲಿಪ್ ಹಾಕಿ ರಕ್ತ ನಿಲ್ಲಿಸಿದರು. ಜೊತೆಗೆ ಒಂದು ಚೂರನ್ನೂ ಕೊಟ್ಟರು.

ಹತ್ತು ನಿಮಿಷಕ್ಕೆ ಜೆಲ್ ಕಡುಗುಲಾಬಿಯಾಯಿತು.

ಅದೇ ಮನುಷ್ಯ, ಅದೇ ಹೊಟ್ಟೆ. ಡಾಕ್ಟರಮ್ಮ ನನ್ನ ಮುಖವನ್ನೇ ನೋಡಿ, "ಕೊಟ್ರೇಶಪ್ಪ, ಅವತ್ತು ಸ್ಯಾಂಪಲ್ ಏನಾದರೂ ಅದಲುಬದಲಾಗಿತ್ತಾ?" ಎಂದರು. ಕಪಾಳಕ್ಕೆ ಹೊಡೆದ ಹಾಗಾಯಿತು. ಸಿಟ್ಟೂ ಬಂತು. ಏಪ್ರಿಲ್‌ನ ರಿಜಿಸ್ಟರ್ ತೆಗೆದು ಸಾಲು ಸಾಲಾಗಿ ನೋಡಿದೆ. ಆ ದಿನ ಚೂರು ಕೊಟ್ಟವನು ದಸ್ತಗೀರ್ ಒಬ್ಬನೇ. ಅದಲುಬದಲಾಗಲು ಇನ್ನೊಂದು ಇರಲೇ ಇಲ್ಲ.

ಮೂರನೇ ದಿನ ಅವನು ಎದ್ದು ಕೂತ. ನಾನು ವಾರ್ಡಿಗೆ ಹೋಗಿ ವಕೀಲನ ಹಾಗೆ ಪಾಟೀಸವಾಲಿಗೆ ನಿಂತೆ. "ನಿಜ ಹೇಳು, ಏಪ್ರಿಲ್ಲಿನ್ಯಾಗ ಏನು ನುಂಗತಿದ್ದಿ?"

"ಅಲ್ಲಾನ ಆಣೆ, ಏನೂ ಇಲ್ಲಣ್ಣ. ದಿನಾ ಮುಂಜಾನಿ ಆ ಗ್ಯಾಸಿನ ಕ್ಯಾಪ್ಸೂಲ್ ಒಂದು. ನೀವ ಕೊಟ್ಟಿದ್ರಲ್ಲ."

"ನಾನಾ?"

"ಹೂನಣ್ಣ. ನಿಮ್ಮ ಗಾಡಿ ಚೈನ್ ಬಿಗಿ ಮಾಡೋ ಮುಂದ ಎದಿ ಉರಿತೈತಿ ಅಂದೆ. ಬ್ಯಾಗಿನಿಂದ ಒಂದು ಪಟ್ಟಿ ತೆಗೆದು ಕೊಟ್ರಿ. ಇದೇನು ಔಷಧಿ ಅಲ್ಲ ತಗೋ, ಬರೀ ಗ್ಯಾಸಿಂದು ಅಂದ್ರಿ. ಆಮ್ಯಾಲೆ ಅದ ಪಟ್ಟಿ ತೋರಿಸಿ ಅಂಗಡ್ಯಾಗ ತಗೊಂತಿದ್ದೆ. ಹುಳ ಇಲ್ಲ ಅಂದ ಮ್ಯಾಲೆ ಅದನ್ಯಾಕ ನುಂಗಲಿ ಅಂತ ಅದನ್ನೂ ಬಿಟ್ಟೆ."

ನನಗೆ ಆ ಮಾತು ನೆನಪೇ ಇರಲಿಲ್ಲ. ಅವನು ಹೇಳಿದ ಮೇಲೆ ನೆನಪಾಯಿತು. ಆ ಕ್ಯಾಪ್ಸೂಲ್ ಆಮ್ಲ ತಗ್ಗಿಸುತ್ತದೆ. ಅದನ್ನು ನುಂಗುವಷ್ಟು ದಿನ ಬ್ಯಾಕ್ಟೀರಿಯಾ ಸಾಯುವುದಿಲ್ಲ, ಸಂಖ್ಯೆ ಕುಗ್ಗಿ ಪರೀಕ್ಷೆಗೆ ಸಿಗದ ಹಾಗೆ ಅಡಗುತ್ತದೆ, ಯೂರಿಯೇಸ್ ಇಳಿಯುತ್ತದೆ, ಜೆಲ್ ಹಳದಿಯಾಗಿ ಉಳಿಯುತ್ತದೆ. ಅದನ್ನು ಬಿಟ್ಟು ಎರಡು ವಾರವಾದ ಮೇಲೆಯೇ ಪರೀಕ್ಷೆ ಮಾಡಬೇಕು. ಇದು ಕಿಟ್‌ನ ಜೊತೆ ಬರುವ ಕಾಗದದಲ್ಲಿಯೇ ಇದೆ. ನಾನೇ ಅದನ್ನು ಎಷ್ಟೋ ಜನಕ್ಕೆ ಓದಿ ಹೇಳಿದ್ದೇನೆ.

ತಪ್ಪು ನನ್ನದು ಎಂದು ಅವನಿಗೆ ಹೇಳಿದೆ, ಡಾಕ್ಟರಮ್ಮನಿಗೂ ಹೇಳುತ್ತೇನೆ ಎಂದೆ. ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಅವನ ಮುಖ ಬಿಳುಚಿಕೊಂಡಿತು.

"ಹಂಗಾರ ಅಣ್ಣ, ಆ ಕ್ಯಾಪ್ಸೂಲ್ ತಗೋರಿ, ಔಷಧಿ ಅಲ್ಲ ಅಂತ ಗ್ಯಾರೇಜಿಗೆ ಬಂದೋರಿಗೆಲ್ಲ ನಾನೂ ಹೇಳೀನಲ್ಲ!"

ಬೆರಳು ಮಡಚಿ ಎಣಿಸಲು ಕೂತ. ಒಂದು ಕೈ ಮುಗಿದು ಇನ್ನೊಂದು ಕೈಗೆ ಹೋದ. ಹಿರೇಹಡಗಲಿಯ ಲಾರಿಯವನು, ಕೂಡ್ಲಿಗಿಯ ವೆಲ್ಡರ್, ಕೋಗಳಿಯ ಟ್ರ್ಯಾಕ್ಟರ್ ಡ್ರೈವರ್ ಹಾಲಪ್ಪ. ಕೊನೆಯ ಹೆಸರು ನನಗೆ ಗೊತ್ತಿತ್ತು. ಎರಡು ವಾರದ ಹಿಂದೆ ನನ್ನ ರಿಜಿಸ್ಟರಿನಲ್ಲಿ, ನನ್ನದೇ ಅಕ್ಷರದಲ್ಲಿ: ಔಷಧಿ ಇಲ್ಲ, ನೆಗೆಟಿವ್.

ಅಂದೇ ಹೊಸಪೇಟೆಗೆ ಫೋನ್ ಮಾಡಿ ಡಾಕ್ಟರಮ್ಮನಿಗೆ ಎಲ್ಲವನ್ನೂ ಹೇಳಿದೆ. ದಸ್ತಗೀರ್ ಹೆಸರು ಹೇಳುತ್ತ ಹೋದ, ನಾನು ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಔಷಧಿ ಎಂಬ ಮಾತನ್ನೇ ನನ್ನ ಪ್ರಶ್ನೆಯಿಂದ ತೆಗೆದೆ. ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಏನೇನು ಹಾಕಿಕೊಳ್ಳುತ್ತೀರಿ ಎಂದು ಕೇಳುತ್ತೇನೆ, ಜೇಬು ತೋರಿಸಿ ಎನ್ನುತ್ತೇನೆ. ಲ್ಯಾಬಿನವನು ದಾರಿಯಲ್ಲಿ ಸುಮ್ಮನೆ ಆಡಿದ ಮಾತನ್ನೂ ಜನ ರಿಪೋರ್ಟಿನಷ್ಟೇ ನಂಬುತ್ತಾರೆ. ಇಪ್ಪತ್ತೆಂಟು ವರ್ಷ ಇದು ನನ್ನ ತಲೆಗೆ ಹೋಗಿರಲಿಲ್ಲ.

ಹಾಲಪ್ಪ ಮರುದಿನ ಬಂದ. ಪ್ರಶ್ನೆ ಕೇಳಿದೆ. ಅಂಗಿ ಜೇಬಿನಿಂದ ಅದೇ ಪಟ್ಟಿ ತೆಗೆದು, ನನಗೇ ಧೈರ್ಯ ಹೇಳುವವನ ಹಾಗೆ ನಕ್ಕ.

"ಇದು ಔಷಧಿ ಅಲ್ರಿ ಸಾರ್, ಗಾಬರಿ ಆಗಬ್ಯಾಡ್ರಿ. ಕೊಟ್ಟೂರಾಗ ಯಾರೋ ದೊಡ್ಡ ಲ್ಯಾಬಿನವರು ಹೇಳ್ಯಾರಂತ."

"ಅವನು ನಾನೇ" ಎಂದೆ.