ಅವ್ವನ ಸ್ಕೂಟಿ ಪಾಠ ಮತ್ತು 'ಬಿಡು' ಎಂಬ ಶಬ್ದ

ಅವ್ವ ಸ್ಕೂಟಿ ಸಮೇತ ಭತ್ತದ ಗದ್ದೆಗೆ ಇಳಿದಳು.

ನಾಟಿಗೆಂದು ನೀರು ನಿಲ್ಲಿಸಿದ್ದ ಗದ್ದೆ, ಪೆಟ್ಟೇನೂ ಆಗಲಿಲ್ಲ. ಸೀರೆ ಯಾವ ಬಣ್ಣದ್ದೆಂದು ಮಾತ್ರ ಹೇಳುವ ಹಾಗಿರಲಿಲ್ಲ.

ನಾನು ಲಿಂಗಸುಗೂರಿನಲ್ಲಿ ಎಂ.ಎಡ್. ಓದುತ್ತಿದ್ದೇನೆ. ದಿನಾ ಗೊರೇಬಾಳದಿಂದ ಸಿಂಧನೂರು, ಅಲ್ಲಿಂದ ಮಸ್ಕಿ ದಾಟಿ ಬಸ್ ಪ್ರಯಾಣ.

ಈ ಸೆಮಿಸ್ಟರ್‌ನಲ್ಲಿ 'ಬೋಧನಾ ವಿನ್ಯಾಸ' ಅಂತ ಒಂದು ಪೇಪರ್ ಇದೆ. ಮನೆ ಕಟ್ಟುವ ಮುಂಚೆ ನಕ್ಷೆ ಹಾಕುವ ಹಾಗೆ ಪಾಠಕ್ಕೂ ಪ್ಲಾನ್ ಹಾಕಬೇಕು. ಆಮೇಲೆ ನಿಜವಾಗಿ ಒಬ್ಬರಿಗೆ ಕಲಿಸಿ, ಪ್ಲಾನಿನಲ್ಲಿ ಎಡವಿದ್ದೆಲ್ಲಿ ಎಂದು ನೋಡಿ ತಿದ್ದಬೇಕು.

ನನಗೆ ಸಿಕ್ಕ ವಿದ್ಯಾರ್ಥಿನಿ ಅವ್ವ.

ಅವಳಿಗೂ ಅವಸರವಿತ್ತು. ಸಿಂಧನೂರಿನ ಒಂದು ಹೊಲಿಗೆ ತರಬೇತಿ ಕೇಂದ್ರದವರು ಕಲಿಸಲು ಬನ್ನಿ ಎಂದು ಕರೆದಿದ್ದರು. ದಿನಾ ಹೋಗಿಬರುವುದು ಹೇಗೆ? ಅಪ್ಪನ ಬೈಕು ಅಪ್ಪನ ಮೂಡು ನೋಡಿಕೊಂಡು ಹೊರಡುತ್ತದೆ. ಗಾಡಿ ಕಲಿಯದಿದ್ದರೆ ಕೆಲಸ ಬೇಡ ಅನ್ನಬೇಕು, ಹಾಗನ್ನಲು ಅವ್ವನಿಗೆ ಸುತರಾಂ ಇಷ್ಟವಿರಲಿಲ್ಲ.

ಪ್ಲಾನಿನಲ್ಲಿ ಮೊದಲು ಗುರಿ ಬರೆದೆ: 'ಅವ್ವ ಸ್ಕೂಟಿ ಓಡಿಸುವುದನ್ನು ತಿಳಿಯುತ್ತಾಳೆ.'

ಕಾಲೇಜಿನಲ್ಲಿ ಈ ಪೇಪರ್ ಕಲಿಸುವ ಮೇಡಂ ಅದರ ಮೇಲೆ ಗೀಟು ಎಳೆದರು. "ತಿಳಿದದ್ದು ನಿನ್ನ ಕಣ್ಣಿಗೆ ಹೆಂಗ ಕಾಣ್ತದ? ತಿಳೀತೇನು ಅಂದ್ರ ನಮ್ಮ ಮಂದಿ ಎಲ್ಲದಕ್ಕೂ ಹೂಂರೀ ಅಂತಾರ. ಏನ್ ಮಾಡಿ ತೋರಸ್ತಾಳ, ಅದನ್ನ ಬರಿ."

ತಿದ್ದಿ ಬರೆದೆ: 'ಅವ್ವ ಮನೆಯಿಂದ ಒಬ್ಬಳೇ ಹೊರಟು, ಕಾಲುವೆ ಸೇತುವೆ ಹತ್ತಿರ ಗಾಡಿ ತಿರುಗಿಸಿಕೊಂಡು ವಾಪಸ್ ಬರುತ್ತಾಳೆ.'

ಕೂರುವುದು, ತೂಕ ಹಿಡಿಯುವುದು, ಬ್ರೇಕು, ಆಮೇಲೆ ವೇಗಕ್ಕೆ ತಿರುವುವ ರೇಸು... ಎಲ್ಲ ಬಿಡಿಬಿಡಿಯಾಗಿ ಕಲಿಸಿದೆ. ಗದ್ದೆ ಬರುವ ತನಕ ಪಾಠ ಬಲು ಚೆನ್ನಾಗಿ ನಡೆದಿತ್ತು.

ಗಾಡಿ ಜೋರಾದಾಗ ಹಿಂದೆ ಓಡುತ್ತಾ "ಬಿಡವ್ವಾ, ಬಿಡು" ಎಂದೆ. ರೇಸಿನ ಮೇಲಿನ ಕೈ ಬಿಡು ಅಂತ ನನ್ನರ್ಥ. ಆದರೆ ಗಾಡಿ ಬಿಡು ಅಂದರೆ ಓಡಿಸು ಅಂತಲೂ ಅಲ್ಲವೇ... ಅವ್ವ ಇನ್ನಷ್ಟು ತಿರುವಿದಳು.

"ನೀನ ಬಿಡು ಬಿಡು ಅಂದಿ, ಬಿಟ್ಟೆ," ಅಂದಳು ಕೆಸರಲ್ಲೇ ಕೂತು. "ಈಗ ನನ್ನ ಮಾರಿ ಏನ್ ನೋಡಾಕತ್ತಿ? ಗಾಡಿ ಎತ್ತು."

ಎತ್ತುವುದೆಲ್ಲಿ ಬಂತು? ಇಬ್ಬರೂ ನಕ್ಕು ನಕ್ಕು ಸುಸ್ತಾದೆವು.

ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ಮಾತು ಬಲ್ಲವಳಿಗೆ ಕೆಸರೂ ಇಲ್ಲ ಅಂತ ಆವತ್ತು ಗೊತ್ತಾಯಿತು.

ಪ್ಲಾನಿನಿಂದ 'ಬಿಡು' ತೆಗೆದು 'ಸಾಕು' ಸೇರಿಸಿದೆ. ನಮ್ಮನೆಯಲ್ಲಿ ಊಟ ಬಡಿಸುವಾಗ ಆ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಗಾಡಿಯ ಮೇಲೆ ಮಾತ್ರ ಅವ್ವ ಕೇಳಿದಳು.

ನಿನ್ನೆ ಕೊನೆಯ ಪರೀಕ್ಷೆ. ಅವ್ವ ಮುಂದೆ, ಅಪ್ಪನ ಬೈಕಿನಲ್ಲಿ ನಾನು ಹಿಂದೆ.

ಸೇತುವೆ ಬಂತು. ಅವ್ವ ತಿರುಗಿಸಲೇ ಇಲ್ಲ.

"ಎಲ್ಲಿಗ್ ಹೊಂಟಾಳ ಇಕಿ?" ಅಂದ ಅಪ್ಪ, ಬೈಕ್ ಜೋರು ಮಾಡುತ್ತಾ.

ಸೀದಾ ಸಿಂಧನೂರು. ತರಬೇತಿ ಕೇಂದ್ರದ ಮುಂದೆ ಗಾಡಿ ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಸೆರಗು ಸರಿಮಾಡಿಕೊಂಡು ಒಳಗೆ ಹೋದಳು. ನಾವು ಬಾಗಿಲಿಗೆ ಬರುವಷ್ಟರಲ್ಲಿ ಅವಳ ದನಿ ಕೇಳಿಸಿತು.

"ನಾಳಿಂದ ಬರ್ತೀನ್ರೀ. ನನ್ನ ಗಾಡಿ ಮ್ಯಾಲ ಬರ್ತೀನಿ."

ಅಪ್ಪ ಮೀಸೆಯಲ್ಲೇ ನಕ್ಕ. ನನಗೆ ಖುಷಿಗೆ ಕಣ್ಣು ತುಂಬಿ ಬಂತು.

ಈಗ ರಿಪೋರ್ಟ್ ಬರೆಯುತ್ತಾ ಕೂತಿದ್ದೇನೆ. ನಾನಿಟ್ಟ ಗುರಿಯ ಹತ್ತಿರ ತಿರುಗದೆ ವಿದ್ಯಾರ್ಥಿನಿ ಮುಂದೆಯೇ ಹೊರಟುಬಿಟ್ಟರೆ, ಅದನ್ನು ಪಾಸ್ ಅನ್ನಬೇಕೋ ಫೇಲ್ ಅನ್ನಬೇಕೋ... ಬಲ್ಲವರು ಹೇಳ್ತೀರಾ?