ದಾರಿ ಆಗದಿರಲೆಂದು ಹಾಕಿದ ಮುಳ್ಳು

ನಮ್ಮ ಕಡೆ ಜಮೀನು ಇರುವವರಿಗೆ ಬೆಂಕಿಯ ಭಯವಿಲ್ಲ, ದಾರಿಯ ಭಯವಿದೆ. ಇದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ಇಷ್ಟು ದಿನ ಕಾದೆ, ಅದು ಇಳಿಯುವ ಹಾಗೆ ಕಾಣಲಿಲ್ಲ.

ದೇವಲಾಪುರದ ಕಡೆ, ಗುಡ್ಡದ ಬುಡದಲ್ಲಿ ನನ್ನ ಹೊಲ. ಅಪ್ಪನಿಂದ ಬಂದ ಪಾಲು. ಮಳೆ ಬಂದರೆ ರಾಗಿ, ಹುರುಳಿ. ಬದುವಿನ ಮೇಲೆ ಒಂದಿಷ್ಟು ಹೊಂಗೆ. ಒಂದು ಮೂಲೆಯಲ್ಲಿ ತೆಂಗಿನ ಗರಿ ಹೊದೆಸಿದ ಕೊಟ್ಟಿಗೆ, ಪಕ್ಕದಲ್ಲಿ ರಾಗಿ ಹುಲ್ಲಿನ ಮೆದೆ. ಆಗ ಎರಡು ಹಸು ಕಟ್ಟಿದ್ದೆ. ಹೊಲಕ್ಕೂ ಟಾರು ರಸ್ತೆಗೂ ನಡುವೆ ದೊಡ್ಡಪ್ಪನ ಮಗ, ನನಗೆ ಅಣ್ಣನಾಗಬೇಕಾದವನು, ನೀಲಗಿರಿ ಹಾಕಿದ್ದಾನೆ. ಅವನ ತೋಪಿಗೆ ಅಂಟಿಕೊಂಡೇ ಗುಡ್ಡದವರೆಗೂ ಇನ್ನೊಂದು ನೀಲಗಿರಿ ತೋಪು. ಅದರ ಯಜಮಾನರು ಸರ್ಕಾರಿ ಕೆಲಸದಿಂದ ನಿವೃತ್ತರಾಗಿ ಶ್ರೀರಂಗಪಟ್ಟಣದಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ತೋಪಿಗೆ ಬರುವುದು ಮರ ಕಡಿಸುವ ವರ್ಷ ಮಾತ್ರ.

ಶಿವರಾತ್ರಿ ಕಳೆದ ಮೇಲೆ ಆ ತೋಪುಗಳಲ್ಲಿ ಒಮ್ಮೆ ನಡೆದು ನೋಡಬೇಕು. ಕಾಲಿಟ್ಟಲ್ಲೆಲ್ಲ ತರಗೆಲೆ ಹಪ್ಪಳದ ಹಾಗೆ ಮುರಿಯುತ್ತದೆ. ಸುಲಿದ ತೊಗಟೆ ಕಾಂಡದಿಂದ ಜೋತಾಡುತ್ತಿರುತ್ತದೆ. ನಡುನಡುವೆ ಸೊಂಟದೆತ್ತರ ಒಣಹುಲ್ಲು, ಲಂಟಾನ. ಒಂದು ಬೀಡಿ ತುಂಡು ಸಾಕು.

ನಾನು ಕೇಳಿದ್ದು ದೊಡ್ಡದೇನಲ್ಲ. ಎರಡು ತೋಪುಗಳ ನಡುವೆ ಒಂದು ಕಡೆ, ಅಣ್ಣನ ತೋಪಿಗೂ ನನ್ನ ಹೊಲಕ್ಕೂ ನಡುವೆ ಇನ್ನೊಂದು ಕಡೆ, ಟ್ರಾಕ್ಟರಿನ ಅಗಲ ಜಾಗದಲ್ಲಿ ತರಗು ಗುಡಿಸಿ, ಉತ್ತು, ಬೆಂಕಿ ದಾಟದ ಹಾಗೆ ಬರಿಮಣ್ಣು ಬಿಡಿ ಎಂದೆ. ಆಳು ನಾನೇ ಕರೆತರುತ್ತೇನೆ, ನಾನೂ ಗುಡಿಸುತ್ತೇನೆ ಎಂದೆ. ಪ್ರತಿ ಬೇಸಿಗೆಯೂ ಇದನ್ನೇ ಕೇಳಿದೆ. ಅಣ್ಣ ಪ್ರತಿ ಬೇಸಿಗೆಯೂ ಕಾಫಿ ಕುಡಿಸಿ ಕಳಿಸಿದ.

"ಅಂಗೆ ಬುಟ್ರೆ ದಾರಿ ಆಗೋಯ್ತದೆ ಕಣವ್ವ," ಎಂದ. "ಈ ವರ್ಸ ಯಾವನೋ ಸೈಕಲ್ಲು ತಳ್ಕಂಡು ಓಗ್ತಾನೆ. ಬರೋ ವರ್ಸ ಟ್ರಾಕ್ಟರು ನುಗ್ಗುಸ್ತಾನೆ. ಆಮ್ಯಾಕೆ ನ್ಯಾಯಕ್ಕೆ ಕುಂತ್ಕಂಡು, ಇದು ನಮ್ ತಾತನ್ ಕಾಲದ್ ದಾರಿ ಅಂತಾನೆ. ಆಗ ನಾನ್ ಯಾರ್ ತಾವ ಓಗ್ಲಿ?"

ಅವನು ಹೇಳಿದ್ದು ಸುಳ್ಳಲ್ಲ, ನನಗೆ ಮೈ ಉರಿಯುವುದೂ ಅದಕ್ಕೇ. ಬರಿಮಣ್ಣು ಕಂಡರೆ ಸಾಕು, ನಮ್ಮವರು ಅದರ ಮೇಲೆ ಗಾಡಿ ಹೊಡೆಯುತ್ತಾರೆ. ನಾನು ಬಾಡಿಗೆ ಎತ್ತು ಕಟ್ಟಿಸಿ ನನ್ನ ಹೊಲದ ಅಂಚಿನಲ್ಲೇ ಒಂದು ಪಟ್ಟಿ ಉಳಿಸಿದೆ. ಅದರ ಮೇಲೆ ಮೊದಲು ಟ್ರಾಕ್ಟರು ಓಡಿಸಿದವನು ಯಾರು? ಇದೇ ಅಣ್ಣ. ತನ್ನ ತೋಪಿನ ಹಿಂಬದಿಗೆ ಹೋಗಲು ಅನುಕೂಲವಾಯಿತು ಎಂದು ನನಗೇ ಹೇಳಿದ, ನಾಚಿಕೆಯಿಲ್ಲದೆ.

ಶ್ರೀರಂಗಪಟ್ಟಣದವರಿಗೆ ಫೋನ್ ಮಾಡಿದೆ. ಬಹಳ ಮರ್ಯಾದಸ್ಥರು. "ತರಗೆಲೆ ಗುಡಿಸಬಾರದಮ್ಮ, ಅದೇ ಗೊಬ್ಬರ ಆಗುತ್ತೆ. ನಾನು ವಿಡಿಯೋದಲ್ಲಿ ನೋಡಿದ್ದೀನಿ," ಎಂದರು. ಬೆಂಕಿ ಬಿದ್ದರೆ ಏನು ಸಾರ್ ಎಂದೆ. "ನೀಲಗಿರಿ ಸಾಯೋದಿಲ್ಲ ಬಿಡಿ. ಬುಡದಿಂದ ಮತ್ತೆ ಚಿಗುರುತ್ತೆ."

ಚಿಗುರುತ್ತದೆ, ನಿಜ. ನನ್ನ ಹಸು ಚಿಗುರುವುದಿಲ್ಲವಲ್ಲ ಸ್ವಾಮಿ ಎಂದು ಬಾಯಿಗೆ ಬರುವಷ್ಟರಲ್ಲಿ ಅವರು ಫೋನ್ ಇಟ್ಟಿದ್ದರು.

ಹೋದ ಬೇಸಿಗೆ ನಾನು ಮತ್ತೆ ಕೇಳಿ ಬಂದ ವಾರದಲ್ಲೇ ಅಣ್ಣ ಜಾಲಿ ಮುಳ್ಳು ಕಡಿಸಿದ. ರಸ್ತೆಯಿಂದ ಅವನ ತೋಪಿನೊಳಕ್ಕೆ ಗಾಡಿ ಇಳಿಯಲು ಇದ್ದ ಒಂದೇ ಒಂದು ಸಂದಿಗೆ ಆ ಮುಳ್ಳನ್ನು ಆಳೆತ್ತರ ಒಟ್ಟಿಸಿದ. ನಾನು ಎಲ್ಲಿ ದಾರಿ ಮಾಡಿಕೊಂಡುಬಿಡುತ್ತೇನೋ ಎಂದು! ನಾನು ಹೋಗಿ ಬರುವುದು ಬದುವಿನ ಮೇಲೆ, ಕಾಲ್ನಡಿಗೆಯಲ್ಲಿ.

ಬೆಂಕಿ ಗುಡ್ಡದಿಂದ ಇಳಿಯಿತು, ಮಟಮಟ ಮಧ್ಯಾಹ್ನ. ಹಳೇ ಹುಲ್ಲು ಸುಟ್ಟರೆ ಮೊದಲ ಮಳೆಗೆ ಎಳೆ ಹುಲ್ಲು ಬರುತ್ತದೆಂದು ಗುಡ್ಡಕ್ಕೆ ಕಡ್ಡಿ ಗೀರುವುದು ನಮ್ಮಲ್ಲಿ ಮೊದಲಿಂದಲೂ ಇದೆ. ಯಾರು ಗೀರಿದರೆಂದು ಯಾವ ವರ್ಷವೂ ಯಾರೂ ಬಾಯಿ ಬಿಡುವುದಿಲ್ಲ. ಶ್ರೀರಂಗಪಟ್ಟಣದವರ ಗೊಬ್ಬರಕ್ಕೆ ಮೊದಲು ಹತ್ತಿಕೊಂಡಿತು. ಅಲ್ಲಿಂದ ಅಣ್ಣನ ತೋಪಿಗೆ ಬರಲು ಅದನ್ನು ತಡೆಯುವುದೇನೂ ಇರಲಿಲ್ಲ. ಊರವರು ಹೊಂಗೆ ಸೊಪ್ಪು ಮುರಿದುಕೊಂಡು ಬಡಿದರು. ಅಣ್ಣನೂ ಬಡಿದ, ಇಲ್ಲವೆನ್ನುವುದಿಲ್ಲ.

ನನ್ನ ಬರಿಮಣ್ಣಿನ ಪಟ್ಟಿಯ ಹತ್ತಿರ ನೆಲದ ಬೆಂಕಿ ನಿಂತಿತು. ಆದರೆ ಅಣ್ಣನ ಮರಗಳು ಆ ಪಟ್ಟಿಯ ಅಂಚಿಗೇ ಇದ್ದವು. ಅವುಗಳ ತೊಗಟೆ ಉರಿಯುತ್ತ ಗಾಳಿಯಲ್ಲಿ ಹಾರಿ ಬಂದು ಮೆದೆಯ ಮೇಲೆ ಬಿತ್ತು, ಮೆದೆಯಿಂದ ಕೊಟ್ಟಿಗೆಯ ಗರಿಗೆ ಹತ್ತಿಕೊಂಡಿತು. ಅವನ ಕಡೆಯೂ ಅಷ್ಟೇ ಅಗಲ ಜಾಗ ಬಿಟ್ಟಿದ್ದರೆ ಆ ತೊಗಟೆ ಬರಿ ನೆಲಕ್ಕೆ ಬಿದ್ದು ಆರುತ್ತಿತ್ತು. ಇದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ.

ನಾಗಮಂಗಲದಿಂದ ಬೆಂಕಿ ಆರಿಸುವ ಗಾಡಿ ಬೇಗನೇ ಬಂತು. ಬಂದು ರಸ್ತೆಯಲ್ಲಿ ನಿಂತಿತು. "ದಾರಿ ಎಲ್ಲಮ್ಮಾ?" ಎಂದು ಅವರು ಕೂಗಿದ್ದು ನನಗೆ ಕೊಟ್ಟಿಗೆಯ ಹತ್ತಿರಕ್ಕೆ ಕೇಳಿಸಿತು. ನೀರು ತುಂಬಿಕೊಂಡು ಬಂದವರು ಕೈಗೆ ಗೋಣಿಚೀಲ ಸುತ್ತಿಕೊಂಡು ಮುಳ್ಳು ಎಳೆಯುತ್ತ ನಿಂತರು. ನಾನು ಒಂದು ಹಸುವಿನ ಹಗ್ಗ ಕೊಯ್ದು ಅಟ್ಟಿದೆ. ಕಂದು ಹಸು ಈದು ಹದಿನೈದು ದಿನವಷ್ಟೇ ಆಗಿತ್ತು, ಕರು ಬಿಟ್ಟು ಕದಲಲೊಲ್ಲದು. ಕರುವನ್ನು ಎತ್ತಿಕೊಂಡು ನಾನು ಮುಂದೆ ಓಡಿದ ಮೇಲೆ ಅದು ಹಿಂದೆ ಬಂತು. ಅಷ್ಟರಲ್ಲಿ ಉರಿಯುವ ಗರಿ ಕಳಚಿ ಅದರ ಹಿಂಗಾಲಿನ ಸಂದಿಗೆ ಬಿದ್ದಿತ್ತು.

ಗಾಡಿ ಒಳಗೆ ಬಂದಾಗ ಆರಿಸಲು ಉಳಿದಿದ್ದದ್ದು ಕೊಟ್ಟಿಗೆಯ ಕಂಬ.

ಕಂದು ಹಸುವಿನ ಕೆಚ್ಚಲು ಬೆಂದುಹೋಗಿತ್ತು. ಡಾಕ್ಟರು ಬಂದು ಮುಲಾಮು ಹಚ್ಚಿ ಸೂಜಿ ಹಾಕಿ, ಜೀವಕ್ಕೆ ಭಯವಿಲ್ಲ, ಹಾಲಿನ ಆಸೆ ಬಿಡಿ ಎಂದರು. ಕರು ಬಾಯಿ ಹಾಕಲು ಹೋದರೆ ಆ ಹಸು ಅದನ್ನು ಒದೆಯಿತು. ಒದ್ದು, ಮತ್ತೆ ತಿರುಗಿ ಅದರ ಮೈ ನೆಕ್ಕಿತು. ಅದನ್ನು ನೋಡಲಾರದೆ ನಾನು ಬದುವಿನ ಮೇಲೆ ಹೋಗಿ ಕುಳಿತೆ.

ಕುಳಿತು ನೋಡಿದರೆ ಅಣ್ಣ ಕಂಡ. ಮರುದಿನ ಬೆಳಗ್ಗೆ, ಬೂದಿ ಇನ್ನೂ ಬಿಸಿಯಿತ್ತು. ಬೆಂಕಿ ಗಾಡಿಯ ಚಕ್ರದ ಗುರುತು ರಸ್ತೆಯಿಂದ ಅವನ ತೋಪಿನೊಳಗೆ ಹಾದು ನನ್ನ ಕೊಟ್ಟಿಗೆಯವರೆಗೂ ಬಿದ್ದಿತ್ತು. ಅದರ ಮೇಲೆ ಅವನು ಮುಳ್ಳು ಎಳೆದು ಹಾಕುತ್ತಿದ್ದ.

"ಏನಣ್ಣ ಇದು?" ಎಂದೆ.

"ಗಾಡಿ ಅಚ್ಚು ಬಿದ್ದದೆ ಕಣವ್ವ. ಇಂಗೇ ಬುಟ್ರೆ ದಾರಿ ಆಗ್ಬುಟ್ಟಾದು." ಇನ್ನೊಂದು ಕೊಂಬೆ ಎಳೆದು ಹಾಕಿ ಕೇಳಿದ, "ಇವತ್ತು ಆಲು ಕಳುಸ್ಲಿಲ್ವಲ್ಲ?"

ಅವನ ಮನೆಯ ಕಾಫಿಗೆ ದಿನಾ ಹೋಗುತ್ತಿದ್ದದ್ದು ಕಂದು ಹಸುವಿನ ಹಾಲು.

ನಾನು ಬದುವಿನಿಂದ ಎದ್ದೆ. ಹೋಗಿ ಆ ಮುಳ್ಳಿನ ಕೊಂಬೆಗಳನ್ನು ಬರಿಗೈಯಲ್ಲೇ ಹಿಡಿದು, ಊರೊಳಗೆ ಎಳೆದುಕೊಂಡು ಹೋದೆ. ಅವನು "ಲೇ, ಉಚ್ಚು ಇಡೀತಾ ನಿಂಗೆ?" ಎಂದು ಬೈಯುತ್ತ ಹಿಂದೆ ಬಂದ. ಅವನ ಮನೆಯ ಹೊಸ್ತಿಲಿಗೆ ಅಡ್ಡಲಾಗಿ ಅಷ್ಟೂ ಮುಳ್ಳು ಹಾಕಿದೆ. ಅತ್ತಿಗೆ ಒಳಗಿನಿಂದ ಬಂದು ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತಳು.

"ಇಲ್ಲೂ ಜನ ಓಡಾಡ್ತಾವ್ರೆ ಕಣಣ್ಣ," ಎಂದೆ. "ದಾರಿ ಆಗ್ಬುಟ್ಟಾದು, ನೋಡ್ಕೋ."

ಅದಾದ ಮೇಲೆ ಅಣ್ಣ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ. ಊರವರು ಅಣ್ಣತಂಗಿ ಹೀಗೆ ಮಾಡಿಕೊಳ್ಳಬಾರದಿತ್ತು ಎನ್ನುತ್ತಾರೆ, ಅದರಲ್ಲಿ ನನ್ನದೇ ತಪ್ಪು ಹೆಚ್ಚೆನ್ನುತ್ತಾರೆ. ಕರುವನ್ನು ಬಾಟಲಿಯಲ್ಲಿ ಹಾಲು ಕುಡಿಸಿ ಉಳಿಸಿಕೊಂಡೆ. ನೀಲಗಿರಿ, ಶ್ರೀರಂಗಪಟ್ಟಣದವರು ಹೇಳಿದಂತೆಯೇ, ಬುಡದಿಂದ ಸೊಗಸಾಗಿ ಚಿಗುರಿದೆ. ಹೊಸ್ತಿಲ ಮುಳ್ಳನ್ನು ಅಣ್ಣ ಅವತ್ತೇ ವಾಪಸ್ಸು ಹೊತ್ತುಕೊಂಡು ಹೋಗಿ ರಸ್ತೆಯ ಸಂದಿಗೆ ಹಾಕಿದ, ಮೇಲೆ ಇನ್ನೊಂದು ಹೊರೆ ಸೇರಿಸಿದ. ಮೊನ್ನೆ ಶಿವರಾತ್ರಿ ಆಯಿತು. ನಿನ್ನೆ ಆ ಕಡೆ ಹೋದಾಗ ನೋಡಿದೆ, ಮುಳ್ಳು ಚೆನ್ನಾಗಿ ಒಣಗಿದೆ.